ಬರ್ಥಾ ಬೆಂಜ್

ಮುಂಬಯಿಯಿಂದ ಪುಣೆಗೆ ಹೋಗುವ ದಾರಿಯಲ್ಲಿ, ಖಂಡಾಲದ ಘಟ್ಟವನ್ನೇರಲಾರದೆ ಮುಚ್ಚಳ ತೆರೆದು ಆವಿಯನ್ನು ಕಾರುತ್ತ ನಿಂತ ಮೋಟಾರುಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇಂಜಿನು ಕಾದಿರುತ್ತದೆ, ಚಾಲಕನು ಡಬ್ಬಿ ಹಿಡಿದು ನೀರನ್ನರಸುತ್ತಿರುತ್ತಾನೆ. ಮೋಟಾರಿನ ದೂರಪ್ರಯಾಣದಲ್ಲಿ ಈ ಸಂಕಟವನ್ನು ಮೊತ್ತಮೊದಲು ಎದುರಿಸಿ ಗೆದ್ದವರು ಓರ್ವ ಗೃಹಿಣಿಯೆಂಬುದು ನಮ್ಮ ಬಾಲವಾಚಕರಿಗೆ ಸೋಜಿಗವೆನಿಸಬಹುದು.

ಬರ್ಥಾ ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ 1849ನೆಯ ಮೇ 3ರಂದು ಜನಿಸಿದರು. ಕಾರ್ಲ್ ಬೆಂಜ್ ಎಂಬ ಬಡ ಇಂಜಿನಿಯರನೊಡನೆ ವಿವಾಹ ನಿಶ್ಚಯವಾದಾಗ, ಆತನ ಕಾರ್ಖಾನೆಯು ಪಾಲುದಾರನ ದೆಸೆಯಿಂದ ಮುಳುಗುವಂತಿತ್ತು. ಬರ್ಥಾ ತನಗೆ ಸಲ್ಲಬೇಕಾದ ವಿವಾಹಧನವನ್ನು ಮದುವೆಗೆ ಮುಂಚೆಯೇ ತಂದೆಯಿಂದ ಪಡೆದು, ಆ ಪಾಲುದಾರನ ಹಣ ತೀರಿಸಲು ನೆರವಾದರು. 1872ರಲ್ಲಿ ಮದುವೆಯಾಯಿತು. ಅನಂತರದ ವರ್ಷಗಳು ಬಡತನದ ವರ್ಷಗಳು.

1886ನೆಯ ಜನವರಿ 29ರಂದು ಕಾರ್ಲ್ ಬೆಂಜರು ತಮ್ಮ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟು ಕೋರಿ ಅರ್ಜಿ ಸಲ್ಲಿಸಿದರು. ಆದರೆ ಕೊಳ್ಳುವವರಾರು? ಕುದುರೆಯಿಲ್ಲದೆ ಓಡುವ ಬಂಡಿಯನ್ನು ಜನರು ನಂಬಲಿಲ್ಲ. ಕಾರ್ಲರಾದರೋ ಯಂತ್ರವನ್ನು ತಿದ್ದುತ್ತಲೇ ಕುಳಿತರು. ಗಾಡಿಯು ದೂರ ಓಡಿದ್ದನ್ನು ಜನರು ಕಣ್ಣಾರೆ ಕಾಣಬೇಕೆಂಬುದು ಬರ್ಥಾರ ನಿಶ್ಚಯ. 1888ರ ಆಗಸ್ಟಿನ ಒಂದು ಮುಂಜಾವಿನಲ್ಲಿ, ಪತಿಗೆ ಸುಳಿವು ಕೊಡದೆ, ಹದಿನೈದು ವರ್ಷದ ಯೂಜೆನ್ ಹಾಗೂ ಹದಿಮೂರರ ರಿಚರ್ಡ್ ಎಂಬ ಮಕ್ಕಳೊಡನೆ ಮಾನ್‌ಹೈಮಿನಿಂದ ತವರೂರಿಗೆ ಹೊರಟರು. ದೂರ ಸುಮಾರು 100 ಕಿಲೋಮೀಟರು.

ಆ ಇಂಜಿನಿಗೆ ಒಂದೇ ಸಿಲಿಂಡರು. ಒಳಗೆ ಇಂಧನವು ಉರಿದಂತೆ ಹುಟ್ಟುವ ಶಾಖವನ್ನು ಸುತ್ತಲಿನ ನೀರು ಹೀರಿ, ಕುದಿದು, ಆವಿಯಾಗಿ ಹೊರಟುಹೋಗುತ್ತಿತ್ತು. ಇಂದಿನಂತೆ ಅದೇ ನೀರನ್ನು ತಣಿಸಿ ಮರಳಿ ತರುವ ಏರ್ಪಾಡು ಇರಲಿಲ್ಲ. ನೀರು ಬತ್ತಿದರೆ ಲೋಹವು ಮಿತಿಮೀರಿ ಕಾಯುವುದು. ಕೊಳವೆಯೊಳಗೆ ಆಡುವ ಪಿಸ್ಟನ್ನು ಹಿಗ್ಗಿ ಬಿಗಿದುಕೊಳ್ಳುವುದು. ಆದುದರಿಂದ ತಾಯಿಮಕ್ಕಳು ದಾರಿಯುದ್ದಕ್ಕೂ ನಿಂತುನಿಂತು ನೀರು ತುಂಬಬೇಕಾಯಿತು. ಇಂಧನವೂ ಮುಗಿಯುತ್ತ ಬಂತು. ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಿದರು.

ಇಂಜಿನು ತಡವರಿಸುವ ರೋಗ ಇದಕ್ಕಿಂತ ಕಠಿಣವಾದುದು. ಏಕೆಂದರೆ ಲಕ್ಷಣ ಒಂದೇ ಆದರೂ ಕಾರಣಗಳು ಹಲವು. ಇಂಧನವು ಬಾರದಿದ್ದರೂ ಇಂಜಿನು ಮುಗ್ಗರಿಸುತ್ತದೆ, ಅದನ್ನು ಹೊತ್ತಿಸುವ ವಿದ್ಯುತ್ ಕಿಡಿ ತಪ್ಪಿದರೂ ಮುಗ್ಗರಿಸುತ್ತದೆ. ಬರ್ಥಾರಿಗೆ ಆ ಪ್ರಯಾಣದಲ್ಲಿ ಎರಡೂ ಎದುರಾದವು. ಇಂಧನದ ಕೊಳವೆ ಕಟ್ಟಿಕೊಂಡಾಗ, ತಮ್ಮ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಸೂಜಿಯನ್ನು ತೆಗೆದು ಅದರಿಂದ ಕಸವನ್ನು ಹೊರದೂಡಿದರು. ಕಿಡಿಯ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರತೊಡಗಿದಾಗ, ಕಾಲುಚೀಲವನ್ನು ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದರು. ಪಾಠಶಾಲೆಯಲ್ಲಿ ಯಂತ್ರಶಾಸ್ತ್ರವನ್ನು ಕಲಿತವರಲ್ಲ ಅವರು. ಪತಿಯ ಪಕ್ಕದಲ್ಲಿ ನಿಂತು ಯಂತ್ರವನ್ನು ಬಲ್ಲವರು. ಯಾವ ಭಾಗ ಯಾವ ಕೆಲಸಕ್ಕೆಂದು ತಿಳಿದಿದ್ದರಿಂದಲೇ ಕೈ ಸರಿಯಾದ ಸ್ಥಳಕ್ಕೆ ಹೋಯಿತೆಂದು ನಾವು ಭಾವಿಸುತ್ತೇವೆ.

ಸರಪಳಿ ಕೆಟ್ಟಾಗ ಕಮ್ಮಾರನ ನೆರವು ದೊರೆಯಿತು. ಏರುಗಳಲ್ಲಿ ಮಾತ್ರ ಯಾವ ಉಪಾಯವೂ ನಡೆಯದೆ ಗಾಡಿಯನ್ನು ತಳ್ಳಬೇಕಾಯಿತು. ಇಳಿಜಾರುಗಳಲ್ಲಿ ಬ್ರೇಕು ಸವೆಯಲು, ಪಾದರಕ್ಷೆ ಹೊಲಿಯುವವನಿಂದ ಅದಕ್ಕೆ ಚರ್ಮವನ್ನು ಹೊದಿಸಿದರು. ಸಂಜೆ ತವರನ್ನು ಸೇರಿ ಪತಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ತರುವಾಯ ಬೇರೊಂದು ದಾರಿಯಿಂದ ಅದೇ ಗಾಡಿಯಲ್ಲಿ ಮರಳಿದರು.

ಏರು ಹತ್ತಲು ಇನ್ನೊಂದು ಗೇರು ಬೇಕೆಂಬ ಅವರ ಅನುಭವದ ಮಾತನ್ನು ಕಾರ್ಲರು ಮನ್ನಿಸಿದರು. ಅದೇ ವರ್ಷ ಮ್ಯೂನಿಕ್ಕಿನ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು.

ಕಾರ್ಲರು 1929ರಲ್ಲಿ ತೀರಿಕೊಂಡರು. ತಮ್ಮ 95ನೆಯ ಹುಟ್ಟುಹಬ್ಬದಂದು ಬರ್ಥಾರಿಗೆ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದ ಗೌರವ ಲಭಿಸಿತು. ಎರಡು ದಿನಗಳ ತರುವಾಯ, 1944ನೆಯ ಮೇ 5ರಂದು, ಲಾಡೆನ್‌ಬುರ್ಗಿನಲ್ಲಿ ನಿಧನರಾದರು. ಅವರು ಸಾಗಿದ ಹಾದಿಗೆ 2008ರಲ್ಲಿ ಅವರ ಹೆಸರನ್ನಿಡಲಾಯಿತು. ವೀಸ್ಲೋಖಿನ ಆ ಔಷಧದ ಅಂಗಡಿಯನ್ನು ಪ್ರಪಂಚದ ಮೊತ್ತಮೊದಲ ಪೆಟ್ರೋಲು ಬಂಕೆಂದು ಜನರು ಹೆಮ್ಮೆಯಿಂದ ತೋರಿಸುತ್ತಾರೆ.