ಮಂಗಳೂರಿನ ಚುನಾವಣಾ ಕಣದಲ್ಲಿ ಕಮಲಾದೇವಿ

ಸಂಘದ ಸಮಿತಿಗೋ ಮಕ್ಕಳ ಶಾಲೆಯ ಪಾಲಕರ ಮಂಡಳಿಗೋ ಹೆಸರು ಕೊಡಿ ಎಂದರೆ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನುವವರೇ ನಮ್ಮಲ್ಲಿ ಹೆಚ್ಚು. ಇಂತಹ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. 1926ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ ಅವರು ಮದರಾಸು ಪ್ರಾಂತ್ಯದ ಶಾಸನಸಭೆಗೆ ಸ್ಪರ್ಧಿಸಿದರು. ನಮ್ಮ ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಇಂದಿಗೂ ಅವರ ಹೆಸರನ್ನೇ ಹೇಳುತ್ತಾರೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ್ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಮಗಳಿಗೆ ಏಳು ವರ್ಷವಾದಾಗ ಅವರು ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು, ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಆ ಸ್ವಾಭಿಮಾನಿ ಹೆಂಗಸು ಅದನ್ನೂ ಬೇಡವೆಂದು, ತವರಿನಿಂದ ತಂದದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ಕಾನೂನು ಎಲ್ಲಿ ತಯಾರಾಗುತ್ತದೆ, ಅಲ್ಲಿ ಹೆಂಗಸರು ಯಾಕಿಲ್ಲ ಎಂಬ ಪಾಠವನ್ನು ಕಮಲಾದೇವಿ ಮನೆಯಲ್ಲೇ ಕಲಿತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಹದಿನಾಲ್ಕಕ್ಕೆ ಮದುವೆಯಾಯಿತು. ಎರಡೇ ವರ್ಷಕ್ಕೆ ಗಂಡ ಕೃಷ್ಣರಾವ್ ತೀರಿಕೊಂಡರು. ಆದರೂ ಓದು ನಿಲ್ಲಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರ ಪರಿಚಯವಾಯಿತು, ಮದುವೆಯೂ ಆಯಿತು. ವಿಧವೆಯ ಮರುಮದುವೆ, ಅದೂ ಬಂಗಾಳಿಯ ಜೊತೆ! ಅಂದಿನ ಮಂಗಳೂರಿನಲ್ಲಿ ಇದು ಎಷ್ಟು ದೊಡ್ಡ ಸುದ್ದಿಯಾಗಿರಬೇಕೆಂದು ನಮ್ಮೂರನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಊರಿಗೆ ಬಂದು ಅವರು ಮತ ಕೇಳಿದರು.

ಮದರಾಸು ಪ್ರಾಂತ್ಯ 1921ರಲ್ಲೇ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತ್ತು. ಆದರೆ ಮತ ಹಾಕುವುದು ಬೇರೆ, ಸಭೆಯಲ್ಲಿ ಕೂರುವುದು ಬೇರೆ. ಚುನಾವಣೆಗೆ ನಿಲ್ಲುವ ಬಾಗಿಲು ತೆರೆದದ್ದು 1926ರಲ್ಲಿ. ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್, ನೀನು ನಿಲ್ಲಲೇಬೇಕು ಎಂದು ಕಮಲಾದೇವಿಯನ್ನು ಹುರಿದುಂಬಿಸಿದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಆಸ್ತಿ, ತೆರಿಗೆ ಇದ್ದವರಿಗಷ್ಟೇ ಮತವಿದ್ದ ಕಾಲ ಅದು, ಸ್ವಂತ ಹೆಸರಿನಲ್ಲಿ ಆಸ್ತಿಯಿದ್ದ ಹೆಂಗಸರು ಎಷ್ಟು ಮಂದಿ? ಹಾಗಾಗಿ ಹೆಣ್ಣಿನ ಪರವಾಗಿ ಗಂಡಸರನ್ನೇ ಒಪ್ಪಿಸಬೇಕಿತ್ತು. ಕಮಲಾದೇವಿ ಸೋತರು, ಆದರೆ ಅತ್ಯಲ್ಪ ಮತಗಳ ಅಂತರದಿಂದ. ಮರುವರ್ಷ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅದೇ ಸಭೆಗೆ ನಾಮಕರಣಗೊಂಡು ಒಳಗೆ ಹೋದರು.

ಸೋತವರು ಮನೆಯಲ್ಲಿ ಕೂರಲಿಲ್ಲ. ಹೆಣ್ಣುಮಕ್ಕಳ ಶಿಕ್ಷಣವನ್ನು ಚರ್ಚಿಸಲೆಂದೇ 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಅದರ ಸಂಘಟನೆಯ ಭಾರ ಕಮಲಾದೇವಿಯ ಹೆಗಲಿಗೆ ಬಿತ್ತು. ಊರೂರು ಸುತ್ತಿ ಶಾಖೆ ಕಟ್ಟಿದರು. ದೆಹಲಿಯಲ್ಲಿ 1932ರಲ್ಲಿ ಶುರುವಾದ ಲೇಡಿ ಇರ್ವಿನ್ ಕಾಲೇಜು ಆ ಸಂಸ್ಥೆಯ ಫಲ. ಶಾಸನಸಭೆಯ ಒಂದು ಕುರ್ಚಿ ಸಿಕ್ಕಿದ್ದರೆ ಇಷ್ಟೆಲ್ಲ ಓಡಾಡಲು ಅವರಿಗೆ ಪುರುಸೊತ್ತು ಸಿಗುತ್ತಿತ್ತೋ ಇಲ್ಲವೋ.

ಮುಂಬಯಿಯವರಾದ ನಮಗೆ ಹತ್ತಿರದ ಸಂಗತಿ 1930ರದ್ದು. ಉಪ್ಪಿನ ಸತ್ಯಾಗ್ರಹದಿಂದ ಹೆಂಗಸರನ್ನು ದೂರವಿಡುವ ಯೋಚನೆ ಗಾಂಧೀಜಿಯವರದಾಗಿತ್ತು. ಕಮಲಾದೇವಿ ನೇರವಾಗಿ ಅವರೊಡನೆಯೇ ವಾದಿಸಿ ಒಪ್ಪಿಸಿದರು. ಮುಂಬಯಿಯ ಸಮುದ್ರದಂಡೆಯಲ್ಲಿ ಉಪ್ಪು ತಯಾರಿಸಿದ ಏಳು ಜನರ ತಂಡದಲ್ಲಿ ಹೆಂಗಸರು ಇಬ್ಬರೇ: ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ. ಮಲಾಡಿನಿಂದ ಸ್ಲೋ ಲೋಕಲ್ ಹಿಡಿದು ಚರ್ನಿ ರೋಡಿನಲ್ಲಿ ಇಳಿದು ಚೌಪಾಟಿಗೆ ಭೇಲ್ ತಿನ್ನಲು ಹೋಗುವ ನಾವು ಇದನ್ನು ಮಕ್ಕಳಿಗೆ ಹೇಳುವುದೇ ಇಲ್ಲ. ಅವರು ಉಪ್ಪಿನ ಪೊಟ್ಟಣ ಹಿಡಿದು ಷೇರುಪೇಟೆಯೊಳಗೂ ನುಗ್ಗಿ ಮಾರಿದರು. ಜೈಲೂ ಆಯಿತು.

ನಡುವೆ ಮೃಚ್ಛಕಟಿಕ ಮೂಕಿಚಿತ್ರದಲ್ಲಿ ನಟಿಸಿದ್ದೂ ಉಂಟು. ಹರೀಂದ್ರನಾಥರಿಂದ ವಿಚ್ಛೇದನವೂ ಆಯಿತು, ಮಗ ರಾಮಕೃಷ್ಣ ಅವರ ಜೊತೆಗಿದ್ದ. ಸ್ವಾತಂತ್ರ್ಯದ ನಂತರ ಅಧಿಕಾರದ ರಾಜಕೀಯ ಬಿಟ್ಟು, ನೇಕಾರರ, ಕುಂಬಾರರ, ಕಸೂತಿಯ ಹೆಂಗಸರ ಬೆನ್ನಿಗೆ ನಿಂತರು. 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿ, ಹಳ್ಳಿಯ ಮೂಲೆಯಲ್ಲಿ ಸಾಯುತ್ತಿದ್ದ ಎಷ್ಟೋ ಕಸುಬುಗಳಿಗೆ ಪೇಟೆ ಒದಗಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. ಮರುವರ್ಷ ಅಕ್ಟೋಬರ್ 29ರಂದು ಅವರು ಕೊನೆಯುಸಿರೆಳೆದದ್ದು ನಮ್ಮ ಮುಂಬಯಿಯಲ್ಲೇ.