ಕಂಕನಾಡಿಯ ಆಲದ ಮರದಡಿ ಔಷಧ ಕೊಟ್ಟ ಫಾದರ್ ಮುಲ್ಲರ್

ಪಾಳಾ: ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಓಣಿಗೆಲ್ಲ ಹೇಳ್ತೀವಿ. ಅದೇ ಮನೆಯವರೊಬ್ಬರು ರಾತ್ರಿಯಿಡೀ ನಿದ್ದೆ ಮಾಡದೆ ತಮ್ಮಷ್ಟಕ್ಕೆ ತಾವೇ ಮಾತಾಡತೊಡಗಿದರೆ ಬಾಗಿಲು ಹಾಕ್ತೀವಿ. ಮಗಳ ಸಂಬಂಧ ತಪ್ಪಿ ಹೋದೀತು, ಅಂಗಡಿಗೆ ಗಿರಾಕಿ ಬಾರದೇ ಹೋದಾರು ಅನ್ನೋ ಅಂಜಿಕೆ. ನೂರು ವರ್ಷದ ಹಿಂದೆ ಕುಷ್ಠರೋಗಕ್ಕೂ ಹೀಗೇ ಬಾಗಿಲು ಹಾಕುತ್ತಿದ್ದರು. ಅಂಥವರಿಗೆ ಬಾಗಿಲು ತೆರೆದ ಪಾದ್ರಿಯೊಬ್ಬರ ಕಥೆ ಇದು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ನಮ್ಮ ಜಿಲ್ಲೆಯಲ್ಲಿ ಕೇಳದವರು ಕಡಿಮೆ. ಆ ಮುಲ್ಲರ್ ಯಾರು ಅಂತ ಗೊತ್ತಿರೋರು ಅದಕ್ಕಿಂತ ಕಡಿಮೆ.

ಆಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯಲ್ಲಿ. ಜೆಸ್ವಿಟ್ ಸಭೆ ಸೇರಿದರು. ಓದಿನ ದಿನಗಳಲ್ಲಿ ಅಮೆರಿಕದಲ್ಲಿದ್ದಾಗ ಹೋಮಿಯೋಪಥಿ ಕಲಿತರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿ, ಮಂಗಳೂರು ಮದ್ರಾಸ್ ಪ್ರಾಂತದಲ್ಲಿ. ಅದಕ್ಕೂ ಮೊದಲೇ ಎರಡು ಕೆನರಾ ಬೇರೆ ಬೇರೆ ಆಗಿದ್ದವು.

ಅವರ ಕೆಲಸ ಪಾಠ ಹೇಳೋದು. ಜೊತೆಗೆ ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ ಗುಳಿಗೆ ಕೊಡತೊಡಗಿದರು. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗಾಗಿ ಔಷಧಾಲಯ ಶುರುವಾಯಿತು. ಆ ಗುಳಿಗೆಯ ಗುಣವನ್ನು ಇವತ್ತಿನ ವೈದ್ಯಶಾಸ್ತ್ರ ಒಪ್ಪೋದಿಲ್ಲ, ಅದನ್ನೂ ಹೇಳಬೇಕು. ಆದರೆ ಆ ಪದ್ಧತಿಯಲ್ಲಿ ಒಂದು ರೂಢಿ ಉಂಟು. ಎಲ್ಲಿ ನೋವು ಅಂತ ಕೇಳಿ ಬಿಡೋದಿಲ್ಲ. ನಿದ್ದೆ ಹೇಗೆ, ಕನಸು ಏನು, ಯಾವುದಕ್ಕೆ ಹೆದರಿಕೆ, ಯಾಕೆ ಸಿಟ್ಟು, ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಅಂತ ಕೇಳಬೇಕು. ಬಡವನ ಎದುರು ಕೂತು ಇಷ್ಟು ಹೊತ್ತು ಕೇಳೋರು ಆಗ ಎಷ್ಟು ಮಂದಿ ಇದ್ದರು? ಗುಳಿಗೆಗಿಂತ ಆ ಕೇಳೋದೇ ಎಷ್ಟೋ ಜನಕ್ಕೆ ಹಗುರ ಮಾಡಿರಬೇಕು ಅಂತ ನನಗನಿಸುತ್ತದೆ.

ವ್ಯಾಪಾರಸ್ಥರು ಗಮನಿಸುವಂಥ ಸಂಗತಿಯೂ ಉಂಟು. ಪುಕ್ಕಟೆ ಔಷಧಕ್ಕೆ ದುಡ್ಡು ಎಲ್ಲಿಂದ? ಮುಲ್ಲರ್ ತಮ್ಮ ಔಷಧಗಳನ್ನು ಅಂಚೆ ಪಾರ್ಸೆಲ್ ಮೂಲಕ ದೇಶದ ಮೂಲೆಮೂಲೆಗೆ ಮಾರಿದರು. ಕೊಳ್ಳುವ ಶಕ್ತಿ ಇದ್ದವರಿಂದ ಬಂದ ಲಾಭ ಕಂಕನಾಡಿಯ ಬಡರೋಗಿಗೆ ಹೋಯಿತು. ಬರೇ ದಾನ ನಂಬಿ ಕೂತಿದ್ದರೆ ಅಷ್ಟು ದೊಡ್ಡದಾಗಿ ಬೆಳೀತಿತ್ತೋ ಇಲ್ಲವೋ.

1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ರೋಗಾಣುವನ್ನು ಹ್ಯಾನ್ಸೆನ್ 1873ರಲ್ಲೇ ಗುರುತಿಸಿದ್ದರೂ ಗುಣಪಡಿಸುವ ಮದ್ದು ಇರಲಿಲ್ಲ. ಅದು ಬಂದದ್ದು 1940ರ ದಶಕದಲ್ಲಿ. ಅಂದರೆ ಮುಲ್ಲರ್ ಕೈಯಲ್ಲಿ ವಾಸಿ ಮಾಡೋ ಔಷಧವೇ ಇರಲಿಲ್ಲ. ಇದ್ದದ್ದು ಸೂರು, ಊಟ, ಗಾಯಕ್ಕೆ ಬಟ್ಟೆ, ಜೊತೆಗೆ ಮಾತು. ಹೆಂಡತಿ ಮಕ್ಕಳಿಂದ ದೂರಾದವನಿಗೆ ಮೈಗಾಯಕ್ಕಿಂತ ಮನಸ್ಸಿನ ಗಾಯ ದೊಡ್ಡದು. ಅವರು ಪಾದ್ರಿ, ತಮ್ಮ ನಂಬಿಕೆಯಿಂದಲೇ ಈ ಕೆಲಸಕ್ಕೆ ಬಂದವರು. ಮುಂದೆ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ಮಾಡಿದರು. ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು.

1910ರ ನವೆಂಬರ್ 1ರಂದು ತೀರಿಕೊಂಡರು. 1999ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಬಂತು. ಈಗ ಅಲ್ಲಿ ಮನೋರೋಗ ವಿಭಾಗವೂ ಉಂಟು.

ನಮ್ಮವರು ಮನಸ್ಸಿನ ಕಾಯಿಲೆಗೆ ಅಷ್ಟು ದೂರ ಹೋಗಬೇಕಿಲ್ಲ. ಧಾರವಾಡದ ಡಿಮ್ಹಾನ್ಸ್ ಇದೆ. 1845ರಲ್ಲಿ ಶುರುವಾದದ್ದು ಅದು, ಮುಲ್ಲರ್ ಔಷಧಾಲಯಕ್ಕಿಂತ ಹಳೆಯದು. ರಾಜ್ಯದ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬಂದು ನೋಡುವ ಮನೋಚೈತನ್ಯ ಅನ್ನೋ ಕಾರ್ಯಕ್ರಮವೂ ಇದೆ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿಕೊಳ್ಳಿ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.