ಎ. ಕೆ. ಗೋಪಾಲನ್

ನಮ್ಮ ಕಾಸರಗೋಡಿನಿಂದ 1957, 1962 ಮತ್ತು 1967ರಲ್ಲಿ ಲೋಕಸಭೆಗೆ ಆರಿಸಿಹೋದ ಎ. ಕೆ. ಗೋಪಾಲನ್ ಅವರನ್ನು ಹಿರಿಯರೆಲ್ಲ ಬಲ್ಲರು. ಕಾನೂನು ಓದುವವರಿಗೂ ಆ ಹೆಸರು ಪರಿಚಿತ; ಆದರೆ ಅದು ಬೇರೆ ಕಾರಣಕ್ಕೆ.

1904ರಲ್ಲಿ ಕಣ್ಣೂರಿನ ಕಡೆ ಜನಿಸಿದ ಅವರು ಮೊದಲು ಶಾಲಾ ಮಾಸ್ತರರು. ಸ್ವಾತಂತ್ರ್ಯ ಹೋರಾಟಕ್ಕಿಳಿದು, ಗುರುವಾಯೂರು ದೇವಾಲಯ ಪ್ರವೇಶ ಸತ್ಯಾಗ್ರಹದಲ್ಲಿ ಪೆಟ್ಟು ತಿಂದರು. ಮುಂದೆ ಕಮ್ಯುನಿಸ್ಟ್ ಪಕ್ಷ ಸೇರಿದರು.

ದೇಶ ಸ್ವತಂತ್ರವಾದ ಮೇಲೂ ಸೆರೆ ತಪ್ಪಲಿಲ್ಲ. 1947ರ ಡಿಸೆಂಬರಿನಿಂದ ಜೈಲಿನಲ್ಲಿದ್ದರು. ಶಿಕ್ಷೆಗಳು ರದ್ದಾದರೂ ಬಿಡುಗಡೆಯಾಗಲಿಲ್ಲ. ಸಂವಿಧಾನ ಜಾರಿಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ, 1950ರ ಮಾರ್ಚ್ 1ರಂದು ಮುನ್ನೆಚ್ಚರಿಕೆ ಬಂಧನದ ಹೊಸ ಕಾಯಿದೆಯಂತೆ ಮತ್ತೊಂದು ಆಜ್ಞೆ ಬಂತು. ವಿಚಾರಣೆ ಇಲ್ಲ. ಬಂಧನದ ಕಾರಣವನ್ನು ನ್ಯಾಯಾಲಯದಲ್ಲಿ ಹೇಳಲೂ ಕೂಡದೆಂದಿತ್ತು ಅದರ 14ನೆಯ ಕಲಮು!

ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದೆನ್ನುತ್ತದೆ ಸಂವಿಧಾನದ 32ನೆಯ ವಿಧಿ. ಗೋಪಾಲನ್ ಜೈಲಿನಿಂದಲೇ ಆ ಬಾಗಿಲು ತಟ್ಟಿದರು. ಮಂಗಳೂರಿನಲ್ಲಿ ವಕೀಲಿ ನಡೆಸಿದ್ದ ಎಂ. ಕೆ. ನಂಬಿಯಾರ್ ಅವರಿಗಾಗಿ ವಾದಿಸಿದರು. ಶಾಸನಸಭೆ ಮಾಡಿದ ಕಾನೂನೊಂದಿದ್ದರೆ ಸಾಕೆ, ಮನುಷ್ಯನ ಸ್ವಾತಂತ್ರ್ಯ ಕಸಿಯುವ ಆ ಕಾನೂನು ನ್ಯಾಯವಾದುದೂ ಆಗಿರಬೇಡವೆ ಎಂಬುದು ಪ್ರಶ್ನೆ. ಮೇ 19ರಂದು ಆರು ನ್ಯಾಯಾಧೀಶರು ತೀರ್ಪಿತ್ತರು. 14ನೆಯ ಕಲಮು ಬಿದ್ದುಹೋಯಿತು. ಉಳಿದ ಕಾಯಿದೆ ನಿಂತಿತು, ಅರ್ಜಿ ವಜಾ ಆಯಿತು. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ ಕಾನೂನು ನ್ಯಾಯವಾದುದಾಗಿರಬೇಕೆಂದೇ ಬರೆದರು.

1975ರಲ್ಲಿ ತುರ್ತು ಪರಿಸ್ಥಿತಿಯನ್ನು ಲೋಕಸಭೆಯಲ್ಲೇ ವಿರೋಧಿಸಿದ ಗೋಪಾಲನ್ 1977ರ ಮಾರ್ಚ್ 22ರಂದು ತೀರಿಕೊಂಡರು. ಹತ್ತು ತಿಂಗಳ ಬಳಿಕ, ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮೊಕದ್ದಮೆಯಲ್ಲಿ, ಅಂದು ಸೋತ ಆ ವಾದವನ್ನು ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು.